ಫರಸಿ ಕಾಕಾ

ಸೊಲ್ಲಾಪುರದಲ್ಲಿ ಓಣಿಗೊಬ್ಬ ಫರಸಿ ಕಾಕಾ ಇದ್ದೇ ಇರುತ್ತಾರೆ. ಮನೆ ಕಟ್ಟಿಸುವಾಗ ಅಂಗಳದಲ್ಲಿ ಗೇಣು ಮಣ್ಣೂ ಉಳಿಯದಂತೆ ಕಂಪೌಂಡಿನ ತನಕ ಶಹಾಬಾದ್ ಫರಸಿ ಹಾಸಿಸಿದವರು. ಮೇ ತಿಂಗಳಲ್ಲಿ ಪಾರಾ 43 ಡಿಗ್ರಿ ದಾಟಿದರೆ ಅದರ ಮೇಲೆ ಬೆಕ್ಕು ಕೂಡ ಕಾಲಿಡುವುದಿಲ್ಲ.

ಗಿಡದ ಮಹಿಮೆಯನ್ನು ಮಾತ್ರ ಇವರ ಬಾಯಿಂದಲೇ ಕೇಳಬೇಕು. "ಪಡುವಣ ಗ್ವಾಡಿಗೆ ನೆರಳಿರಬೇಕ್ರಿ. ಸಂಜಿ ಬಿಸಲು ಹೀರಿದ ಗ್ವಾಡಿ ನಡುರಾತ್ರಿ ತನಕ ಝಳಾ ಉಗಳತೈತಿ. ಎಲಿ ನೀರು ಬಿಟ್ಟಂಗ ಗಾಳಿ ತಂಪಾಗತೈತಿ." ಶಾಸ್ತ್ರದಲ್ಲಿ ತಪ್ಪಿಲ್ಲ. ಹಾಗಾದರೆ ನಿಮ್ಮ ಮನೆ ಮುಂದೆ? "ಬೇರು ಪಾಯಾದಾಗ ಹೊಕ್ಕರ ಯಾರು ಹೊಣಿ?"

2019ರಲ್ಲಿ ಮಹಾರಾಷ್ಟ್ರ ಸರಕಾರ 33 ಕೋಟಿ ಸಸಿ ನೆಡಲು ಹೊರಟಾಗ ಕಾಕಾನೂ ಒಂದು ಹೊಂಗೆ ಸಸಿ ತಂದರು. ಅದನ್ನು ಮಾಳಿಗೆಯ ಮೇಲೆ ಹಳೆ ಪೇಂಟಿನ ಡಬ್ಬಿಯಲ್ಲಿಟ್ಟರು. ನಾಲ್ಕೈದು ದಿನಕ್ಕೊಮ್ಮೆ ಬರುವ ನಳದ ನೀರು ಮೊದಲು ಕೂಲರಿಗೆ, ಉಳಿದರೆ ಹೊಂಗೆಗೆ. ಉಳಿಯಲಿಲ್ಲ.

ಗುರುವಾರ ತಪ್ಪದೆ ಅಕ್ಕಲಕೋಟೆಗೆ ಹೋಗುತ್ತಾರೆ. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರು ಕೂಡುತ್ತಿದ್ದ ಆಲದ ಮರದ ಹೆಸರಲ್ಲೇ ಅಲ್ಲಿ ವಟವೃಕ್ಷ ಮಂದಿರವಿದೆ. ಕೈಮುಗಿದು, "ಏನ್ ತಂಪಪಾ!" ಎಂದು ಕಣ್ಣು ಮುಚ್ಚುತ್ತಾರೆ. ಸಂಜೆ ಬಂದವರೇ ಮಗ್ಗುಲ ಮನೆಯ ಬೇವಿನ ಮೇಲೆ ಕಣ್ಣು ಬಿಡುತ್ತಾರೆ.

ಆ ಬೇವಿನದು ವರ್ಷಪೂರ್ತಿ ಅಪರಾಧ. ಶಿವರಾತ್ರಿ ಸುತ್ತ ಎಲೆ ಉದುರಿಸುತ್ತದೆ, ಯುಗಾದಿ ಹೊತ್ತಿಗೆ ಹೂವು, ಮಳೆಗಾಲ ಹಿಡಿದರೆ ಹಣ್ಣು. ಎಲ್ಲಾ ಕಾಕಾನ ಫರಸಿಯ ಮೇಲೆ! ಯುಗಾದಿಯ ಬೆಳಿಗ್ಗೆ ಮಾತ್ರ ಬೇವು-ಬೆಲ್ಲಕ್ಕೆ ಅದೇ ಹೂವನ್ನು ಆಯ್ದುಕೊಳ್ಳುತ್ತಾರೆ, ತಕರಾರಿಲ್ಲ. ಸ್ಕೂಟರ್ ನಿಲ್ಲುವುದೂ ಅದರ ಬುಡಕ್ಕೇ. ಸುಡುವ ಮೇ ತಿಂಗಳಲ್ಲಿ ಹೊಸ ಚಿಗುರು ತುಂಬಿ ನೆರಳು ಕೊಡುವುದು ಬೇವಿನ ಜಾಣತನ. ಆ ನೆರಳು ಸರಿದಂತೆ ಪ್ಲಾಸ್ಟಿಕ್ ಖುರ್ಚಿ ಎಳೆದುಕೊಂಡು ಸರಿಯುವುದು ಕಾಕಾನ ಜಾಣತನ.

ಮೊನ್ನೆ ಅದೇ ಖುರ್ಚಿಯಲ್ಲಿ ಕೂತು ಟೊಂಗೆ ಕಡಿಸಲು ಅರ್ಜಿ ಬರೆಯತೊಡಗಿದರು. 1975ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ಪಾಲಿಕೆಯ ಒಪ್ಪಿಗೆ ಬೇಕೆಂಬುದೂ ಅವರಿಗೆ ಬಾಯಿಪಾಠ. ಎರಡು ಸಾಲಿಗೆ ಪೆನ್ನು ನಿಂತಿತು. ಬೇವಿನ ಮನೆಯಾಕೆಯನ್ನು ಕರೆದರು.

"ತಂಗೀ, ಒಂದ್ ಪೆನ್ ಕೊಡವಾ."

"ಏನ್ ಬರೀಲಿಕ್ಕತ್ತೀರಿ ಕಾಕಾರ?"

"ಏನಿಲ್ಲವಾ, ಪರ್ಯಾವರಣದ್ದು."

ಆಕೆ ಪೆನ್ನು ತಂದಳು, ಬಗಲಲ್ಲಿ ಕಸಬರಿಗೆಯನ್ನೂ.