ಹಿಂದಿನ ಬೆಂಚಿನ ಸಾಹೇಬರು

ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಹೊತ್ತು, ಬಗಲಲ್ಲಿ ಸುರುಳಿ ಸುತ್ತಿದ ಕರಿಹಲಗೆ, ಕೈಯಲ್ಲಿ ಚಾರ್ಟಿನ ಕಟ್ಟು ಹಿಡಿದು, ತನ್ನಷ್ಟಕ್ಕೆ ತಾನೇ ತುಟಿ ಅಲ್ಲಾಡಿಸುತ್ತ ನಿಂತ ಹುಡುಗಿಯನ್ನು ಕಂಡರೆ ಗಾಬರಿಯಾಗಬೇಡಿ. ಜಪವೂ ಅಲ್ಲ, ಜ್ವರವೂ ಅಲ್ಲ. ಬಿ.ಎಡ್. ಓದುತ್ತಿದ್ದಾಳೆ; ಇವತ್ತು ಅವಳ ಪಾಠ ಇದೆ. ಕಂಡಕ್ಟರನಿಗೂ ಇದು ಗೊತ್ತು. "ಬರ್ರಿ ಟೀಚರ, ಬೋರ್ಡ್ ಮುರೀದಂಗ ಹತ್ರಿ" ಅನ್ನುತ್ತಾನೆ. ಅವಳನ್ನು ಟೀಚರ್ ಎಂದು ಕರೆದ ಮೊದಲ ಮನುಷ್ಯ ಅವನೇ ಇರಬೇಕು. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವನು ನಾನು, ಇಂಗ್ಲಿಷ್ ಮೆಥಡ್ ಮಾಸ್ತರ. ಅವಳ ತುಟಿ ಅಲ್ಲಾಡುವುದಕ್ಕೆ ಮೂಲ ಕಾರಣ. 2023ರಿಂದ ಅವಳಿಗೆ ಬಸ್ಸು ಪುಕ್ಕಟೆ. ಪರೀಕ್ಷೆಗೆ ಒಳಗಾಗುವವಳು ಪುಕ್ಕಟೆ ಹೋಗುತ್ತಾಳೆ, ಪರೀಕ್ಷೆ ಮಾಡುವವನು ದುಡ್ಡು ತೆತ್ತು ಹೋಗುತ್ತಾನೆ. ಲೋಕದಲ್ಲಿ ನ್ಯಾಯ ಇನ್ನೂ ಸ್ವಲ್ಪ ಉಳಿದಿದೆ.

ಮಾಸ್ತರರ ಮುಂದೆ ಕೊಡುವ ಪಾಠವೆಂದರೆ ಹೆಣ್ಣು ನೋಡುವ ಶಾಸ್ತ್ರವೇ ಸೈ. ಹೆಡ್‌ಮಾಸ್ತರರು ವರಾಂಡ ಗುಡಿಸಿಸಿರುತ್ತಾರೆ. ಮಕ್ಕಳಿಗೆ ಕೈ ಕಟ್ಟಿ ಕೂಡಬೇಕೆಂದು ತಾಕೀತಾಗಿರುತ್ತದೆ. ಹುಡುಗಿ ನೆಲ ನೋಡುತ್ತ ಒಳಗೆ ಬರುತ್ತಾಳೆ. ನಾನು ಮೂಲೆ ಹಿಡಿದು, ಏನು ಕಂಡರೂ ಮುಖದ ಮೇಲೆ ತೋರಗೊಡದೆ ಪೆನ್ನಿನ ಟೊಪ್ಪಿಗೆ ತೆಗೆಯುತ್ತೇನೆ. ಚಹಾ ಬರುತ್ತದೆ. ಜೊತೆಗೆ ಅವಲಕ್ಕಿಯೂ ಬಂದರೆ ಆ ಶಾಲೆಯ ಗುಣಮಟ್ಟ ಉತ್ತಮ ಎಂದು ತಿಳಿಯತಕ್ಕದ್ದು. 'ಆಮೇಲೆ ತಿಳಿಸ್ತೀವಿ' ಎಂಬ ಮಾತೂ ಉಂಟು. ನಾವದನ್ನು ಅಬ್ಸರ್ವೇಶನ್ ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತೇವೆ.

ಇಷ್ಟಕ್ಕೂ ಮೊದಲು ಕಾಲೇಜಿನೊಳಗೇ ತಾಲೀಮು ಆಗಿರುತ್ತದೆ. ಅದರ ಹೆಸರು ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಅವರ ಸಂಗಡಿಗರು ಹುಟ್ಟುಹಾಕಿದ ಪದ್ಧತಿ. ಪೂರಾ ಪಾಠ ಬೇಡ, ಒಂದೇ ಕೌಶಲ; ಪೂರಾ ಕ್ಲಾಸು ಬೇಡ, ಬೆರಳೆಣಿಕೆಯ ವಿದ್ಯಾರ್ಥಿಗಳು. ನಮ್ಮ ದೇಶದಲ್ಲಿ ರೂಢಿಯಾದ ಲೆಕ್ಕ ಹೀಗೆ: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ತಿದ್ದಿ ಬರೆಯಲು, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ವಿಮರ್ಶೆ. ವಿದ್ಯಾರ್ಥಿಗಳ ಪಾತ್ರವನ್ನು ಸಹಪಾಠಿಗಳೇ ವಹಿಸಬೇಕು. ಗಿರಿಜಾ ಮೀಸೆ ಬಿಟ್ಟ ಇಬ್ಬರು ಮಕ್ಕಳ ತಂದೆ ಐದನೇ ಇಯತ್ತೆಯ ಹುಡುಗನಾಗಿ ಕೂತಿರುತ್ತಾನೆ. ಪುನರ್ಬಲನ ಕೌಶಲ, ಅಂದರೆ ಸರಿ ಉತ್ತರಕ್ಕೆ ಶಾಬಾಶ್ ಹೇಳುವ ಕೌಶಲ, ಅದರ ಸರದಿ ಬಂದ ದಿನ ಆ ಮೀಸೆಯ ಬಾಲಕ ಕಿರುಬೆರಳೆತ್ತಿ "ಟೀಚರ, ಒಂದಕ್ಕ ಹೋಗ್ಲ್ಯಾ?" ಅಂದ. "ವೆರಿ ಗುಡ್! ಸಿಟ್ ಡೌನ್!" ಅಂದಳು ಪಾಠ ಕೊಡುತ್ತಿದ್ದವಳು.

ಕಾಲೇಜಿನ ಈ ನಕಲಿ ಮಕ್ಕಳು ಹೇಳಿದ ಉತ್ತರವನ್ನೇ ಹೇಳುತ್ತಾರೆ. ಊರ ಮಕ್ಕಳು ಹಾಗಲ್ಲ. ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿ ಕಮತಗಿ ದಾಟಿದರೆ ಅಮೀನಗಡ. ಅಮೀನಗಡವೆಂದರೆ ಕರದಂಟು. ಅಂಟು, ಬೆಲ್ಲ, ಒಣಹಣ್ಣು ಕೂಡಿದ ಆ ಪದಾರ್ಥವನ್ನು ಪಾಠ ನೋಡುವ ಮೊದಲು ಮುಟ್ಟಬಾರದೆಂದು ನೇಮ ಮಾಡಿಕೊಂಡಿದ್ದೇನೆ. ಹಲ್ಲಿಗೆ ಹಲ್ಲು ಅಂಟಿ ಬಾಯಿ ತೆರೆಯಲಾಗುವುದಿಲ್ಲ. ತಿಂದೇ ಬಂದರೆ ಎಲ್ಲರಿಗೂ ಕ್ಷೇಮ ಎಂದು ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ಅನ್ನುತ್ತಾರಂತೆ. ಇರಲಿ, ಹುನಗುಂದದ ಕಡೆಯ ಶಾಲೆಯ ಮಾತು. ಪಾಠಯೋಜನೆಯಲ್ಲಿ 'ನಿರೀಕ್ಷಿತ ಉತ್ತರ' ಎಂದೊಂದು ಅಂಕಣವಿರುತ್ತದೆ. ಹಾಲು ಕೊಡುವ ಪ್ರಾಣಿ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಬೇಕು, ಮಕ್ಕಳು 'ಕೌ' ಅನ್ನಬೇಕು, "ಯೆಸ್, ಟುಡೇ..." ಎಂದು ಆಕಳಿನ ಪಾಠಕ್ಕೆ ಇಳಿಯಬೇಕು. ಕೇಳಿದ್ದೇ ತಡ, ಇಡೀ ಕ್ಲಾಸು "ಬಫೆಲೊ ಟೀಚರ್!" ಎಂದು ಕೂಗಿತು. ಟೀಚರು ಬೆವರೊರೆಸಿಕೊಂಡು "ಅನದರ್ ಒನ್?" ಅಂದರು. "ಗೋಟ್!" "ನೋ, ನೋ, ವೈಟ್ ಕಲರ್." "ವೈಟ್ ಗೋಟ್!" ಮಕ್ಕಳದೇನು ತಪ್ಪು? ಅವರ ಮನೆಯ ಚಹಾಕ್ಕೆ ಬೀಳುವುದು ಎಮ್ಮೆಯ ಹಾಲು. ಆಕಳು ಬಂದದ್ದು ಕೊನೆಗೆ ಚಾರ್ಟಿನಿಂದಲೇ.

ಆ ದಿನವೇ ನನ್ನ ಮಂಡಿಗೂ ಅವಘಡವಾಯಿತು. ಮೇಲ್ವಿಚಾರಕರಿಗೆ ಹಿಂದಿನ ಬೆಂಚು ಎಂಬುದು ಅಲಿಖಿತ ನಿಯಮ. ಬೆಂಚು, ಡೆಸ್ಕು ಒಂದಕ್ಕೊಂದು ಬೆಸೆದದ್ದು, ಹತ್ತು ವರ್ಷದ ದೇಹಕ್ಕೆ ಅಳತೆ ಹಿಡಿದು ಮಾಡಿದ್ದು. ಒಳಗೆ ತೂರಿಕೊಂಡೆನೇನೋ ಹೌದು. ಪಕ್ಕದಲ್ಲಿದ್ದ ಹುಡುಗ ನನ್ನನ್ನು ಬಹಳ ಹೊತ್ತು ನೋಡಿ, "ನೀವೂ ನಪಾಸ ಆಗೀರೇನ್ರೀ?" ಎಂದು ಪಿಸುಗುಟ್ಟಿದ. ಇಲ್ಲಪ್ಪ, ನಾನು ಸಾಹೇಬ ಅಂದೆ. ಅವನು ನಂಬಲಿಲ್ಲ. ಗಂಟೆ ಬಾರಿಸಿತು, ಮಕ್ಕಳು ಹಾರಿಹೋದವು, ಸಾಹೇಬರು ಮಾತ್ರ ಡೆಸ್ಕಿನೊಳಗೆ ಉಳಿದರು. ಆ ಹುಡುಗನೂ ಟೀಚರೂ ಆಳಿಗೊಂದು ರಟ್ಟೆ ಹಿಡಿದು ಎಳೆದ ಮೇಲೆಯೇ ನನಗೆ ಬಿಡುಗಡೆ. ಅಂಥ ಉಪಕಾರಕ್ಕೆ ಯಾವ ಕೌಶಲದ ಕೆಳಗೆ ಅಂಕ ಕೊಡಬೇಕೆಂದು ನಮೂನೆಯಲ್ಲಿ ಹೇಳಿಲ್ಲ.

ಇಂಗ್ಲಿಷನ್ನು ದ್ವಿತೀಯ ಭಾಷೆ ಅನ್ನುತ್ತಾರಲ್ಲ, ಅದೂ ಕಾಗದದ ಮಾತೇ. ಕನ್ನಡ ಶಾಲೆಯಲ್ಲಿ ಕನ್ನಡ ಪ್ರಥಮ, ಇಂಗ್ಲಿಷು ದ್ವಿತೀಯ. 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಗೇ ಅದು ಕಾಲಿಟ್ಟಿದೆ. ಆದರೆ ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ, ಮನೆಯಲ್ಲಿ ಉರ್ದು ಆಡುವ ಮಗುವಿಗೆ ಕನ್ನಡವೇ ದ್ವಿತೀಯ. ನಮ್ಮ ಎರಡನೆಯದು ಅವಕ್ಕೆ ಮೂರನೆಯದು. ಅರ್ಥವಾಗಲೆಂದು ಟೀಚರು ಕನ್ನಡದಲ್ಲಿ ಬಿಡಿಸಿ ಹೇಳಿದಾಗಲೂ ಆ ಮಗು ಮತ್ತೊಂದು ಹೊಳೆ ದಾಟಬೇಕು.

ಬಾದಾಮಿಗೆ ಮಾತ್ರ ಎರಡು ಭಾಷೆ ಹೊಸದಲ್ಲ. ಅಲ್ಲಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸಂಸ್ಕೃತ, ಕನ್ನಡ ಎರಡೂ ಒಂದೇ ಬಂಡೆಯ ಮೇಲಿವೆ. ನಮ್ಮ ಹಳೆಯ ತ್ರಿಪದಿ ಇರುವುದೂ ಅಲ್ಲೇ. ಆ ಕವಿಗೆ ಯಾರೂ ಪಾಠಯೋಜನೆ ಕೇಳಿರಲಿಕ್ಕಿಲ್ಲ. ಗುಹೆಗಳ ಮೆಟ್ಟಿಲ ಬಳಿ ಒಬ್ಬ ಹುಡುಗ, ಪರದೇಶದ ಹೆಣ್ಣುಮಗಳ ಚೀಲದತ್ತ ಕೋತಿ ಬರುವುದನ್ನು ಕಂಡು, "ಮೇಡಂ, ಮಂಕಿ ಕಮಿಂಗ್! ಬ್ಯಾಗ್, ಬ್ಯಾಗ್!" ಎಂದು ಕೂಗಿದ. ಚೀಲ ಉಳಿಯಿತು. "ವಿಚ್ ಕಂಟ್ರಿ?" ಎಂದೂ ವಿಚಾರಿಸಿಕೊಂಡ. ಮಾರನೆಯ ದಿನ ಅದೇ ಹುಡುಗ ನಮ್ಮ ಕ್ಲಾಸಿನಲ್ಲಿದ್ದ. ಟೀಚರು ಕೋತಿಯ ಚಿತ್ರ ಹಿಡಿದು "ವಾಟ್ ಈಸ್ ದಿಸ್? ಫುಲ್ ಸೆಂಟೆನ್ಸ್" ಅಂದರು. ಹುಡುಗ ಎದ್ದುನಿಂತು ಕಂಬವಾದ. ಗುಹೆಯ ಬಳಿ ಅವನ ಮಾತು ಒಬ್ಬರಿಗೆ ಬೇಕಾಗಿತ್ತು. ಕ್ಲಾಸಿನಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಕೋತಿಯೆಂಬುದು ಟೀಚರಿಗೂ ಗೊತ್ತು, ನನಗೂ ಗೊತ್ತು, ಕೋತಿಗೂ ಗೊತ್ತು.

ಇಳಕಲ್ಲಿನ ಪಾಠವನ್ನು ಹೇಳದೆ ಬಿಟ್ಟರೆ ನನಗೆ ಊಟ ರುಚಿಸುವುದಿಲ್ಲ. ಜಿಲ್ಲಾ ಕೇಂದ್ರ ಬಾಗಲಕೋಟೆಯಾದರೂ ಜಿಲ್ಲೆಯ ಡಯಟ್, ಅಂದರೆ ಶಿಕ್ಷಕರ ತರಬೇತಿ ಸಂಸ್ಥೆ, ಇಳಕಲ್ಲಿನಲ್ಲೇ ಇರುವುದರಿಂದ ಆ ಊರ ಮಕ್ಕಳಿಗೆ ಚಾರ್ಟು ಹೊತ್ತು ಬರುವವರು ಹೊಸಬರಲ್ಲ. ನಮ್ಮ ಹುಡುಗಿ ಬಣ್ಣಗಳ ಪಾಠಕ್ಕೆಂದು ಅವ್ವನ ಸೀರೆ ತಂದಿದ್ದಳು. 'ರೆಡ್' ಅನ್ನಿಸಿ ಮಡಚಿಡುವುದು ಅವಳ ಯೋಜನೆ. ಮೂರನೆಯ ಸಾಲಿನ ಹುಡುಗಿಯೊಬ್ಬಳು ಕೇಳದೆಯೇ ಎದ್ದು ಬಂದು, ಸೆರಗನ್ನು ತಿರುವಿ, ಒಡಲು ಸೆರಗು ಕೂಡುವ ಕಡೆ ಉಗುರಾಡಿಸಿದಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಅದನ್ನು ತೋರಿಸಲು ಎರಡೂ ತೋರುಬೆರಳು ಬಾಗಿಸಿ ಒಂದರೊಳಗೊಂದು ಸಿಕ್ಕಿಸಿ ಹಿಡಿದಳು. ಟೀಚರು ನನ್ನತ್ತ ನೋಡಿದರು. ನಾನು ಮುಖ ಪುಸ್ತಕದೊಳಗೆ ಹುದುಗಿಸಿದೆ. ಅವರು ಸೀಮೆಸುಣ್ಣ ತಗೊಂಡು 'ಥ್ರೆಡ್', 'ಲೂಪ್', 'ಲೂಮ್' ಎಂದು ಬರೆದರು. ಹುಡುಗಿ ಓದಿಕೊಂಡು, "ದಿಸ್ ಥ್ರೆಡ್... ದಟ್ ಥ್ರೆಡ್... ಲೂಪ್" ಅಂದಳು. "ಮೈ ಮದರ್ ಲೂಪ್" ಎಂದಿತು ಇನ್ನೊಂದು. "ಮೈ ಅಜ್ಜಿ ಲೂಪ್, ಫಾಸ್ಟ್!" ಎಂದಿತು ಮತ್ತೊಂದು. ಟೀಚರು ಯಾರ ವ್ಯಾಕರಣವನ್ನೂ ತಿದ್ದಲಿಲ್ಲ. ಗಂಟೆಯಾಯಿತು. ಮೌಲ್ಯಮಾಪನದ ಹಂತ ಉಳಿಯಿತು, ಮನೆಗೆಲಸ ಕೊಡಲಿಲ್ಲ, ಬಗಲಲ್ಲಿ ತಂದ ಸುರುಳಿ ಹಲಗೆ ಬಿಚ್ಚಲೇ ಇಲ್ಲ. ಪಾಠ ಕೆಟ್ಟಿತೆಂದು ಟೀಚರ ಕಣ್ಣಲ್ಲಿ ನೀರು. ನಾನು ಆ ವರ್ಷದಲ್ಲೇ ಹೆಚ್ಚಿನ ಅಂಕ ಹಾಕಿ ಅವಲಕ್ಕಿಗೆ ನಡೆದೆ.

'ಧ್ವನಿಯ ಏರಿಳಿತ ಸಾಲದು', 'ಕಪ್ಪುಹಲಗೆಯ ಬಳಕೆ ತೃಪ್ತಿಕರ' ಎಂದು ಎಲ್ಲರಿಗೂ ಅದದೇ ಬರೆದು ನನ್ನ ಅಕ್ಷರವೇನೋ ದುಂಡಗಾಗಿದೆ. ಆದರೆ ನಾವು ಹಿಂದಿನ ಬೆಂಚಿನಿಂದ ನೋಡುವುದು ಟೀಚರನ್ನು; ಭಾಷೆ ಕಲಿಯಬೇಕಾದವರ ಬೆನ್ನಷ್ಟೇ ನಮಗೆ ಕಾಣುತ್ತದೆ. ಯಾರ ಬಾಯಿ ಎಷ್ಟು ಹೊತ್ತು ಆಡಿತು ಎಂಬ ಅಂಕಣ ನಮ್ಮ ನಮೂನೆಯಲ್ಲಿಲ್ಲ.

2015ರಿಂದ ಬಿ.ಎಡ್. ಎರಡು ವರ್ಷದ್ದಾಗಿದೆ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ನಿಯಮದ ಪ್ರಕಾರ ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಅಷ್ಟು ದಿನ ನಿಮ್ಮೂರ ಶಾಲೆಗೂ ಇವರು ಬಂದಾರು. ಎಸ್ಸೆಸ್ಸೆಲ್ಸಿ ಪೋರ್ಷನ್ ಉಳಿದಿದೆಯೆಂದು ಅವರ ಪಿರಿಯಡ್ ಕಸಿಯಬೇಡಿ, ರಜೆ ಹಾಕಿದ ಮಾಸ್ತರರ ಕ್ಲಾಸು ಕಾಯಲು ಕೂಡ್ರಿಸಬೇಡಿ. ಸಂಜೆ ಮಗು ಮನೆಗೆ ಬಂದಾಗ ಒಂದೇ ಮಾತು ಕೇಳಿ: ಇವತ್ತು ಇಂಗ್ಲಿಷಿನಲ್ಲಿ ಹೆಚ್ಚು ಮಾತಾಡಿದ್ದು ಯಾರು? 'ಟೀಚರು' ಅಂದರೆ ಅವರಿಗೆ ಇನ್ನಷ್ಟು ಪಾಠ ಕೊಡಲು ಅವಕಾಶ ಮಾಡಿಕೊಡಿ. 'ನಾವು' ಅಂದರೆ ಆ ಟೀಚರನ್ನು ನಿಮ್ಮ ಶಾಲೆ ಸುಲಭಕ್ಕೆ ಬಿಟ್ಟುಕೊಡದಿರಲಿ.