ಏನೂ ಮಾಡಂಗಿಲ್ರಿ!

ಗಂಗಾವತಿಯ ಕಾಲುವೆ ದಂಡೆಯ ಮೇಲೆ ದಿನಾ ಬೆಳಿಗ್ಗೆ ಒಬ್ಬ ಸಾಹುಕಾರರ ಮೆರವಣಿಗೆ ಹೊರಡುತ್ತದೆ. ಎಲ್ಲರಿಗಿಂತ ಮುಂದೆ ಲ್ಯಾಬ್ರಡಾರ್ ಟೈಗರ್. ಅದರ ಹಗ್ಗದ ಈಚೆ ತುದಿಗೆ ಒಂದನೇ ಕ್ಲಾಸಿನ ಚಿಂಟು. ಪಕ್ಕದಲ್ಲಿ ಸಣ್ಣ ಸೈಕಲ್ ತುಳಿಯುತ್ತ ಅವನ ಅಕ್ಕ. ಇಪ್ಪತ್ತು ಹೆಜ್ಜೆ ಹಿಂದೆ ಬರ್ಮುಡಾ, ಬಿಳಿ ಬೂಟು, ಕಿವಿಗೆ ಮೊಬೈಲು, ಬಾಯಲ್ಲಿ ಸೋನಾ ಮಸೂರಿ ರೇಟು, ಇಷ್ಟರ ಸಮೇತ ಸಾಹುಕಾರರು. ಎದುರಿಗೆ ಬಂದ ಮಂದಿ ಹೆದರಿ ಬದಿಗೆ ಸರಿದರೆ ದೂರದಿಂದಲೇ ಅಭಯ ಬರುತ್ತದೆ: "ಬರ್ರೀ, ಬರ್ರಿ. ಏನೂ ಮಾಡಂಗಿಲ್ರಿ ಅದು!"

ಇವರದು ಅಕ್ಕಿ ವ್ಯಾಪಾರ. 25 ಕೆ.ಜಿ. ಚೀಲದಲ್ಲಿ ಒಂದು ಹಿಡಿ ಕಡಿಮೆ ಬಿದ್ದರೂ ಹಮಾಲನನ್ನು ಕರೆದು ಮತ್ತೆ ತೂಗಿಸುವವರು. ಆದರೆ ಬೆಳೆದ ಗಂಡು ಲ್ಯಾಬ್ರಡಾರ್ 30 ಕೆ.ಜಿ. ದಾಟುತ್ತದೆ, ಆರು ವರ್ಷದ ಹುಡುಗ 20ರ ಆಸುಪಾಸು ಎಂಬ ತೂಕ ಮಾತ್ರ ಅವರ ತಕ್ಕಡಿಗೆ ಬಂದೇ ಇಲ್ಲ. ಹಗ್ಗ ಜಾರಬಾರದೆಂದು ಚಿಂಟುವಿನ ಮುಂಗೈಗೆ ಎರಡು ಸುತ್ತು ಸುತ್ತಿ ಕೊಟ್ಟವರೂ ಅವರೇ. ಅಂದರೆ ನಾಯಿ ಓಡಿದರೆ ಹುಡುಗ ಬಿಡುವ ಹಾಗೂ ಇಲ್ಲ.

ನಾಯಿ ಓಡುವುದು ಒಗ್ಗರಣಿ-ಮಿರ್ಚಿ ಅಂಗಡಿ ಬಂದಾಗ. ಬಾಣಲೆಯಲ್ಲಿ ಮಿರ್ಚಿ ಚುರ್ ಅಂದ ಕೂಡಲೇ ಟೈಗರ್ ಎಡಕ್ಕೆ, ಅದರ ಹಿಂದೆ ಚಿಂಟು ಎಡಕ್ಕೆ, ಹಗ್ಗ ಅಕ್ಕನ ಸೈಕಲ್ಲಿನ ಹ್ಯಾಂಡಲ್ಲಿಗೆ. ಅಂಗಡಿಯ ಮುಂದೆ ಎಂಜಲು ಕಾಗದ ನೆಕ್ಕುತ್ತಿದ್ದ ಓಣಿಯ ನಾಯಿಗಳು ನಾಕೂ ಒಮ್ಮೆಲೇ ಎದ್ದು ನಿಲ್ಲುತ್ತವೆ. ಚಿಂಟು ಚೀರುತ್ತಾನೆ. ಚೀರಿದಷ್ಟೂ, ಓಡಿದಷ್ಟೂ ನಾಯಿಗಳಿಗೆ ಹುರುಪು. ಅಂಗಡಿಯವನು ಜಾಲರಿ ಸೌಟು ಹಿಡಿದುಕೊಂಡೇ ಎದ್ದು ಬಂದು ಹುಡುಗನನ್ನು ಎತ್ತಿಕೊಳ್ಳುತ್ತಾನೆ. ಸಾಹುಕಾರರು ಫೋನಿನಲ್ಲಿ "ಒಂದ್ ನಿಮಿಷ ಇರ್ರಿ" ಎಂದು ಹೇಳಿ, ಊರಿಗೆಲ್ಲ ಕೇಳುವಂತೆ ಕೂಗುತ್ತಾರೆ: "ಏ ಚಿಂಟು, ಹಗ್ಗ ಬಿಡಬ್ಯಾಡೋ!"

ಕೊಪ್ಪಳದ ಗವಿಮಠದ ದಾರಿಯಲ್ಲಿ ಸಿಗುವ ಸಾಹೇಬರು ಇವರ ಖಾಸಾ ತಮ್ಮ. ಇವರಿಗೆ ಬಿಡುವು ಭಾನುವಾರ, ಅದೂ ನಾಷ್ಟಾ ಮುಗಿದ ಮೇಲೆ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ ಡಾಂಬರು ಕಾದ ಹಂಚು. ಮಕ್ಕಳ ಕಾಲಿಗೆ ಬೂಟು, ಸಾಹೇಬರ ಕಾಲಿಗೆ ಬೂಟು. ನಾಯಿ ಒಂದೊಂದೇ ಕಾಲೆತ್ತಿ ಕುಣಿದರೆ "ನೋಡ್ರಿ, ಡ್ಯಾನ್ಸ್ ಮಾಡ್ತದ" ಎಂದು ವಿಡಿಯೊ ಹಿಡಿಯುತ್ತಾರೆ. ಅಂಗೈ ಮಗುಚಿ ಐದಾರು ಎಣಿಸುವಷ್ಟು ಹೊತ್ತು ರಸ್ತೆಗೆ ಇಟ್ಟು ನೋಡಿದರೆ ಆ ಡ್ಯಾನ್ಸು ಅವರಿಗೂ ಬರುತ್ತಿತ್ತು.

ಇನ್ನು ಕುಷ್ಟಗಿಯ ಸಾಹುಕಾರರು ಬಾಗಲಕೋಟೆ ಜಿಲ್ಲೆಗೆ ಹತ್ತಿರ, ಹೀಗಾಗಿ ಅವರಿಗೆ ಮುಧೋಳ ನಾಯಿಯೇ ಆಗಬೇಕು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, ಸೈನ್ಯಕ್ಕೂ ಸೇರಿದ ತಳಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಅದು ಮೂಸಿ ಅಲ್ಲ, ಕಂಡು ಬೆನ್ನಟ್ಟುವ ನಾಯಿ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮೊಲ ಓಡಿದರೂ ಸರಿ, ಚೆಂಡಿನ ಹಿಂದೆ ಮಗು ಓಡಿದರೂ ಸರಿ, ಅದರ ಕಣ್ಣಿಗೆ ಓಡುವುದು ಓಡುವುದೇ. ಅದನ್ನು ಇವರು ವಾಕಿಂಗ್ ಮಾಡಿಸುವ ರೀತಿ ಇನ್ನೂ ಚೆಂದ. ಸ್ಕೂಟಿಯ ಮುಂದೆ ನಿಂತ ಮಗಳು, ಹಿಂದೆ ಕುಳಿತ ಮಗ, ಮಗನ ಕೈಯಲ್ಲಿ ಹಗ್ಗ, ರಾಷ್ಟ್ರೀಯ ಹೆದ್ದಾರಿ 50ರ ಪಕ್ಕದಲ್ಲಿ ಸವಾರಿ.

ಯಲಬುರ್ಗಾದ ಎರೆಹೊಲದ ಕಡೆ ಕುರಿಹಿಂಡಿನ ಜೊತೆ ಹೊರಟ ಕುರಿಗಾರರನ್ನು ನೋಡಿ. ಅಲ್ಲಿಯೂ ಮಕ್ಕಳಿದ್ದಾರೆ, ನಾಯಿಗಳಿವೆ. ಸಾಹುಕಾರರ ಅಭಯವಚನ ಮಾತ್ರ ಇಲ್ಲ. "ಉಣ್ಣಾಕತ್ತೈತಿ, ಹತ್ರ ಹೋಗಬ್ಯಾಡ", "ಮರಿ ಹಾಕೇತಿ, ದೂರ ನಿಲ್ಲು" ಎಂದು ಅಜ್ಜ ಗದರುತ್ತಲೇ ಇರುತ್ತಾನೆ. ತೋಳ ತಿರುಗುವ ಸೀಮೆಯಲ್ಲಿ ನಾಯಿ ಏನೂ ಮಾಡುವುದಿಲ್ಲ ಎಂದಾದರೆ ಅದನ್ನು ಸಾಕಿ ಏನುಪಯೋಗ? ನಾಯಿ ಏನಾದರೂ ಮಾಡುತ್ತದೆ ಎಂದು ಬಲ್ಲವನ ಮಕ್ಕಳು ಸುರಕ್ಷಿತ.

ಹಾಗೆ ನೋಡಿದರೆ ಸಾಹುಕಾರರ ಮಾತು ಪೂರಾ ಸುಳ್ಳೇನಲ್ಲ. ಆ ಮೆರವಣಿಗೆಯಲ್ಲಿ ಏನೂ ಮಾಡದವರು ಒಬ್ಬರು ಇದ್ದಾರೆ, ಅವರು ಇಪ್ಪತ್ತು ಹೆಜ್ಜೆ ಹಿಂದೆ ಇದ್ದಾರೆ.

ನಾಳೆ ಅವರ ಚಿಂಟುವಿಗೋ ಎದುರಿಗೆ ಬಂದ ಮಗುವಿಗೋ ಹಲ್ಲು ತಾಗಿದರೆ ಸುಣ್ಣ, ಖಾರದ ಪುಡಿ ಹಿಡಿದು ಓಡಿ ಬರುವವರೂ ಇವರೇ. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ನೇರ ಮುಖಕ್ಕೇ ಸಿಗುತ್ತದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣ ಎಲೆ ಅಡಿಕೆಗಿರಲಿ, ಖಾರ ಮಿರ್ಚಿಗಿರಲಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ದವಾಖಾನೆಗೆ ಹೋಗಬೇಕು. ಮನೆಯ ನಾಯಿಗೆ ಲಸಿಕೆ ಹಾಕಿಸಿದ್ದರೂ ಹೋಗಬೇಕು.

ಸಾಹುಕಾರರೇ, ಹಗ್ಗ ನಿಮ್ಮ ಬಲಗೈಯಲ್ಲಿರಲಿ, ಮಗು ಎಡಗೈಯಲ್ಲಿರಲಿ, ನಡುವೆ ನೀವಿರಿ. ಮೂರನೆಯ ಕೈ ಇದ್ದರೆ ಮೊಬೈಲು ತರಬಹುದು.