ಹಸುರೋ, ಕೆಂಪೋ?

ನಮ್ಮ ಸೀಮೆಯ ದೇವರುಗಳಲ್ಲಿ ಮಲೆಯ ಮಾದಪ್ಪನಿಗೆ ಹುಲಿಯೇ ವಾಹನ. ಬಿಳಿಗಿರಿರಂಗನಾದರೋ ವಾಹನದ ಹಂಗನ್ನೇ ತೊರೆದು ಕಾಡಿನಲ್ಲೆಲ್ಲ ಕಾಲ್ನಡಿಗೆಯಿಂದ ಸಂಚರಿಸತಕ್ಕವನೆಂದೂ, ಆ ಸಂಚಾರದಲ್ಲಿ ಸವೆದುಹೋದ ಪಾದರಕ್ಷೆಗಳಿಗೆ ಬದಲಾಗಿ ಭಕ್ತರು ಕಾಲಕಾಲಕ್ಕೆ ಹೊಸ ಜೊತೆಯೊಂದನ್ನು ಹೊಲಿದು ಒಪ್ಪಿಸತಕ್ಕದ್ದೆಂದೂ ಸಂಪ್ರದಾಯವಿದೆ. ಹುಲಿಗೆ ರೇಡಿಯೇಟರಿಲ್ಲ, ಪಾದರಕ್ಷೆಗೂ ಇಲ್ಲ. ಆದಕಾರಣ ತಮ್ಮ ದರ್ಶನಾರ್ಥವಾಗಿ ಬೆಟ್ಟವೇರಿ ಬರುವ ಬಡ ಗೃಹಸ್ಥನೊಬ್ಬನು ಹಿಂದಿನ ರಾತ್ರಿಯೆಲ್ಲ ತನ್ನ ಕಾರಿಗೆ ಯಾವ ಕೂಲೆಂಟನ್ನು ಹೊಯ್ಯಬೇಕೆಂಬ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದನೆಂಬ ಸಂಗತಿ ಈ ಉಭಯ ದೇವತೆಗಳ ಗಮನಕ್ಕೆ ಬರುವ ಸಂಭವ ಕಡಿಮೆ.

ಯಳಂದೂರಿನಲ್ಲಿ ವಾಸವಾಗಿದ್ದು ಹನೂರಿನಿಂದ ಹೆಣ್ಣು ತಂದಿರುವ ನನಗೆ ಈ ಎರಡು ಬೆಟ್ಟಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಸ್ವಾತಂತ್ರ್ಯವಿಲ್ಲ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿ ಅವರಿಗೆಲ್ಲ ಭಾವನಾದ ರಂಗನಾಥನು ನಮ್ಮೂರಿನ ಬೆನ್ನಿಗೇ ಇದ್ದಾನೆ. ಮಾದಪ್ಪ ನನ್ನ ಹೆಂಡತಿಯ ತೌರಿನವರ ಮನೆದೇವರು. ಒಂದು ಬೆಟ್ಟಕ್ಕೆ ಹೋಗಿ ಮತ್ತೊಂದಕ್ಕೆ ಹೋಗದೆ ಉಳಿದರೆ ದೇವರು ಕ್ಷಮಿಸಿದರೂ ಕ್ಷಮಿಸಿಯಾನು, ತೌರಿನವರು ಕ್ಷಮಿಸರು. ಹೀಗಾಗಿ, ಸಮತಟ್ಟಾದ ರಸ್ತೆಯಲ್ಲಿ ತರಕಾರಿ ತರುವುದಕ್ಕೆಂದು ನಾನು ಕೊಂಡ ಸಾಧುಸ್ವಭಾವದ ಸಣ್ಣ ಕಾರೊಂದು ವರ್ಷವಿಡೀ ಪರ್ವತಾರೋಹಣದಲ್ಲಿಯೇ ಸವೆಯುತ್ತಿದೆ.

ಹಿಂದಿನವರಿಗೆ ಈ ಚಿಂತೆಯಿರಲಿಲ್ಲ. ಮೋಟಾರು ದಣಿದರೆ ನೀರು, ಅಷ್ಟೆ. 1956ರ ನವೆಂಬರಿನ ತನಕ ಯಳಂದೂರು ಮೈಸೂರು ಸಂಸ್ಥಾನಕ್ಕೂ ಕೊಳ್ಳೇಗಾಲವು ಮದರಾಸಿನವರ ಕೊಯಮತ್ತೂರು ಜಿಲ್ಲೆಗೂ ಸೇರಿದ್ದುವಾಗಿ, ಆ ಕಾಲದ ಮೋಟಾರುಗಳು ಹೊರಡುವಾಗ ಸುವರ್ಣಾವತಿಯ ಮೈಸೂರು ನೀರನ್ನೂ, ಮುಂದೆ ಎಲ್ಲೋ ಒಂದು ಕಟ್ಟೆಯ ಮದರಾಸು ನೀರನ್ನೂ ಭೇದಭಾವವಿಲ್ಲದೆ ಕುಡಿದು ಸಾಗುತ್ತಿದ್ದುವು. ಘಾಟಿಯ ನಡುವೆ ಎಂಜಿನು ಕುದಿದು ಉಗಿಯೆದ್ದಿತೆಂದರೆ ಅದೊಂದು ವಿಪತ್ತೆಂದು ಯಾರೂ ಭಾವಿಸುತ್ತಿರಲಿಲ್ಲ. ಹಿರಿಯರು ಇಳಿದು ಮರದ ನೆರಳಿನಲ್ಲಿ ಎಲೆಯಡಿಕೆಯ ಚೀಲ ಬಿಚ್ಚುವರು, ಹೆಂಗಸರು ಬುತ್ತಿಯ ಗಂಟು ಬಿಚ್ಚುವರು, ಡ್ರೈವರನು ರೇಡಿಯೇಟರಿನ ಮುಚ್ಚಳವನ್ನು ಬಿಚ್ಚುವ ಅವಸರ ತೋರದೆ ಗೋಣಿತಾಟು ಹುಡುಕುವ ನೆಪದಲ್ಲಿ ಬೀಡಿ ಹಚ್ಚುವನು. ಹಿಂದೆ ಬಂದ ಇನ್ನೊಂದು ಗಾಡಿಯೂ ನಿಲ್ಲುವುದು, ಕ್ಷೇಮಸಮಾಚಾರವಾಗುವುದು. ನನ್ನ ಸೋದರತ್ತೆಯ ಮದುವೆಯ ಮೊದಲ ಮಾತು ನಡೆದದ್ದು ತಾಳಬೆಟ್ಟದಿಂದ ಮೇಲಕ್ಕೆ ಅಂಥ ಒಂದು ಕುದಿಯುವ ರೇಡಿಯೇಟರಿನ ಪಕ್ಕದಲ್ಲಿ ಎಂದು ನಮ್ಮ ಮನೆಯಲ್ಲಿ ಪ್ರತೀತಿ. ಇಂದಿನ ಕಾರುಗಳು ಕುದಿಯದೆ ಮೇಲೇರುವುದರಿಂದ ಎಷ್ಟು ಸಂಬಂಧಗಳು ತಪ್ಪಿಹೋಗಿವೆಯೋ ಲೆಕ್ಕವಿಟ್ಟವರಿಲ್ಲ.

ಪ್ರಪಂಚದ ಮೊತ್ತಮೊದಲ ದೂರಪ್ರಯಾಣದ ಮೋಟಾರು ಸಹ ನೀರಿಗಾಗಿ ಬಾಯಿಬಿಡುತ್ತಲೇ ಸಾಗಿತೆಂಬುದನ್ನು ಓದಿದ ಮೇಲಂತೂ ನಮ್ಮ ಹಿರಿಯರ ಮೇಲಣ ಗೌರವ ನನಗೆ ಇಮ್ಮಡಿಯಾಯಿತು. 1888ರಲ್ಲಿ ಜರ್ಮನಿಯ ಬರ್ತಾ ಬೆಂಝ್ ಎಂಬ ಗೃಹಿಣಿ, ಗಂಡ ಕಾರ್ಲನು ನಿರ್ಮಿಸಿದ್ದ ಮೂರು ಚಕ್ರದ ವಾಹನವನ್ನು, ಅವನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಫೋರ್ಟ್ಸ್‌ಹೈಮಿಗೆ ಓಡಿಸಿಕೊಂಡು ಹೋದಳು. ಅದರ ತಂಪಿನ ನೀರು ಆವಿಯಾಗಿ ಹೋಗುತ್ತಲೇ ಇದ್ದುದರಿಂದ ದಾರಿಯುದ್ದಕ್ಕೂ ಸಿಕ್ಕ ಸಿಕ್ಕಲ್ಲಿ ನೀರು ತುಂಬಿಸಿಕೊಳ್ಳಬೇಕಾಯಿತು. ಆಕೆ ಹೋದದ್ದೆಲ್ಲಿಗೆ? ತಾಯಿಯ ಮನೆಗೆ. ಮೋಟಾರು ಯುಗವೇ ಒಬ್ಬ ಹೆಂಗಸು ಗಂಡನಿಗೆ ಹೇಳದೆ ತೌರಿಗೆ ಹೊರಟದ್ದರಿಂದ ಆರಂಭವಾಯಿತೆಂಬ ಈ ಸತ್ಯವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿಲ್ಲ.

ನೀರಿನ ಮೇಲೆ ಅಪವಾದ ಹೊರಿಸುವುದು ನನ್ನ ಉದ್ದೇಶವಲ್ಲ. ಶಾಖವನ್ನು ಹೊರುವ ಶಕ್ತಿಯಲ್ಲಿ ಅದಕ್ಕೆ ಸಮನಾದದ್ದು ಸುಲಭವಾಗಿ ದೊರೆಯದು. ಕೂಲೆಂಟಿನ ಮೂಲದ್ರವ್ಯವಾದ ಎಥಿಲೀನ್ ಗ್ಲೈಕಾಲಿಗೆ ಆ ಶಕ್ತಿ ನೀರಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ನೀರಿಗೆ ತಾಳ್ಮೆ ಸಾಲದು. ನಮ್ಮ ಬಯಲಿನಲ್ಲಿ ನೂರು ಡಿಗ್ರಿಯ ಹತ್ತಿರ ಕುದಿಯುವ ನೀರು, 5091 ಅಡಿ ಎತ್ತರದ ಬಿಳಿಗಿರಿಯ ನೆತ್ತಿಯಲ್ಲಿ 95ರ ಸುಮಾರಿಗೇ ಕುದಿಯತೊಡಗುತ್ತದೆ. ಎಂದರೆ ಎಂಜಿನು ಎಲ್ಲಿ ಹೆಚ್ಚು ಶ್ರಮಪಡುವುದೋ ಅಲ್ಲಿಯೇ ನೀರು ಬೇಗ ಸಿಟ್ಟಿಗೇಳುತ್ತದೆ. ಗ್ಲೈಕಾಲನ್ನೂ ನೀರನ್ನೂ ಸಮಸಮನಾಗಿ ಬೆರೆಸಿ, ಒತ್ತಡ ತಡೆಯುವ ಮುಚ್ಚಳವನ್ನು ಬಿಗಿಯಾಗಿ ಹಾಕಿದರೆ ಕುದಿಯುವ ಬಿಂದು 120 ಡಿಗ್ರಿಯನ್ನು ದಾಟುತ್ತದೆ. ಇದೇ ಮಿಶ್ರಣ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದೆಂದು ಡಬ್ಬಿಯ ಮೇಲೆ ಅಭಿಮಾನಪೂರ್ವಕವಾಗಿ ಮುದ್ರಿಸಿರುತ್ತಾರೆ. ಪುಷ್ಯಮಾಸದ ನಡುರಾತ್ರಿಯಲ್ಲಿಯೂ ಕಂಬಳಿಯೊಂದರಿಂದ ಚಳಿ ನೀಗಿಸಿಕೊಳ್ಳಬಲ್ಲ ಹನೂರಿನ ನಿವಾಸಿಗಳಿಗೆ ಈ ಅಭಯದಾನದಿಂದ ಆಗುವ ಪ್ರಯೋಜನವನ್ನು ನಾನು ಕಾಣೆ.

ಕೊಳ್ಳೇಗಾಲದ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ನಿಂತು, ನನ್ನ ಕಾರಿಗೆ ತಕ್ಕ ಕೂಲೆಂಟು ಯಾವುದೆಂದು ವಿನಯದಿಂದ ವಿಚಾರಿಸಿದಾಗ ಅಂಗಡಿಯಾತನು ನನ್ನನ್ನು ಕೇಳಿದ ಮರುಪ್ರಶ್ನೆ ಇಷ್ಟೆ:

“ಯಾವ ಕಲರ್ ಕೊಡ್ಲಿ ಮೇಷ್ಟ್ರೇ? ಹಸುರಾ, ಕೆಂಪಾ, ನೀಲೀನಾ?”

ನಾನು ಉತ್ತರಿಸುವುದಕ್ಕೆ ಮೊದಲೇ, ಬೆಲ್ಟು ಕೊಳ್ಳಲು ಬಂದಿದ್ದ ಲಾರಿಯ ಡ್ರೈವರೊಬ್ಬನು “ಕೆಂಪು ಹಾಕುಸ್ಬುಡಿ ಸಾ, ಘಾಟಿಗೆ ಅದೇ ಗಟ್ಟಿ” ಎಂದು ತೀರ್ಪಿತ್ತನು. ಅಲ್ಲಿಯೇ ಕುಳಿತು ಪತ್ರಿಕೆ ಓದುತ್ತಿದ್ದ ವೃದ್ಧರೊಬ್ಬರು ಕನ್ನಡಕದ ಮೇಲಿನಿಂದ ನೋಡಿ, ಕೆಂಪು ಉಷ್ಣ, ಹಸುರು ತಂಪು, ತಂಪಿಗೆಂದು ಹಾಕುವ ಪದಾರ್ಥವನ್ನು ಯಾರಾದರೂ ಕೆಂಪಗೆ ಹಾಕುವರೇ ಎಂದು ಆಕ್ಷೇಪಿಸಿದರು. ಆಯುರ್ವೇದಕ್ಕೂ ಅನುಭವಕ್ಕೂ ವಾದ ಬೆಳೆಯಿತು. ಕಾರಿನ ಹೆಸರನ್ನು ಕೊನೆಯವರೆಗೂ ಯಾರೂ ಕೇಳಲಿಲ್ಲ.

ರೇಷ್ಮೆ ನೇಯುವ ಊರಿನಲ್ಲಿ ಬಣ್ಣಕ್ಕೆ ಇಷ್ಟು ಮರ್ಯಾದೆ ಸಲ್ಲುವುದು ಸೋಜಿಗವಲ್ಲ. ಸೋಜಿಗವೆಂದರೆ, ಸೀರೆಯ ಬಣ್ಣವನ್ನು ನೋಡಿ ನೂಲಿನ ಜಾತಿ ಹೇಳಲಾಗದೆಂಬುದನ್ನು ಹುಟ್ಟಿನಿಂದ ಬಲ್ಲ ಜನರೇ ಕೂಲೆಂಟಿನ ವಿಷಯದಲ್ಲಿ ಬಣ್ಣಕ್ಕೆ ಮರುಳಾಗುವುದು. ಬಣ್ಣವೆಂಬುದು ಸೋರಿಕೆಯಾದರೆ ಕಣ್ಣಿಗೆ ಬೀಳಲೆಂದೂ, ಕುಡಿಯುವ ನೀರೆಂದು ಯಾರೂ ಭ್ರಮಿಸದಿರಲೆಂದೂ ಮೇಲಿನಿಂದ ಕಲಸಿದ ಮಸಿ. ಯಾವ ದ್ರವಕ್ಕೆ ಯಾವ ಬಣ್ಣವೆಂಬುದಕ್ಕೆ ಎಲ್ಲ ತಯಾರಕರೂ ಒಪ್ಪಿದ ಕಟ್ಟಳೆಯೇ ಇಲ್ಲ. ನಿಜವಾದ ಭೇದವಿರುವುದು ಲೋಹವು ತುಕ್ಕು ಹಿಡಿಯದಂತೆ ಬೆರೆಸಿರುವ ಲವಣಗಳಲ್ಲಿ. ಹಳೆಯ ಪದ್ಧತಿಯದು ಸಿಲಿಕೇಟು ಮುಂತಾದ ನಿರವಯವ ಲವಣಗಳದು. ಅದು ಒಡನೆ ಲೋಹದ ಮೇಲೆ ಪೊರೆ ಕಟ್ಟಿ, ಎರಡು ವರ್ಷಗಳ ಆಸುಪಾಸಿನಲ್ಲಿ ತನ್ನ ಸತ್ವ ಕಳೆದುಕೊಳ್ಳುವಂಥಾದ್ದು. ಹೊಸ ಪದ್ಧತಿಯದು ಸಾವಯವ ಆಮ್ಲಗಳದು. ನಿಧಾನವಾದರೂ ದೀರ್ಘಾಯು, ಐದು ವರ್ಷ ಬಾಳಬಲ್ಲುದು. ಎರಡನ್ನೂ ಹದವಾಗಿ ಕೂಡಿಸಿದ ಮಿಶ್ರಪದ್ಧತಿಯೂ ಉಂಟು. ಅದರಲ್ಲಿ ಯೂರೋಪಿನವರು ಸಿಲಿಕೇಟಿಗೂ ಜಪಾನಿನವರು ಫಾಸ್ಫೇಟಿಗೂ ಒಲಿದಿದ್ದಾರೆ. ಒಂದಕ್ಕೊಂದು ಹೊಂದದವನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕುಗ್ಗುವುದಲ್ಲದೆ, ಕೆಲವು ಸಂದರ್ಭಗಳಲ್ಲಿ ದ್ರವವೇ ಲೋಳೆಗಟ್ಟಿ ರೇಡಿಯೇಟರಿನ ಸಣ್ಣ ನಾಳಗಳನ್ನು ಮುಚ್ಚಿಬಿಡುತ್ತದೆ.

ಯೂರೋಪಿನವರು ಫಾಸ್ಫೇಟನ್ನು ದೂರವಿಟ್ಟುದಕ್ಕೆ ಕಾರಣ ಅವರ ಗಡಸು ನೀರು. ನೀರಿನ ಸುಣ್ಣದೊಡನೆ ಸೇರಿ ಅದು ಗಸಿಯಾಗಿ ನಿಲ್ಲುತ್ತದೆ. ಇದನ್ನು ಓದಿದಾಗ ನನಗೆ ಯೂರೋಪಿನ ಮೇಲೆ ಹಠಾತ್ತನೆ ಬಂಧುಭಾವ ಉಂಟಾಯಿತು. ನಮ್ಮ ಬೋರ್‌ವೆಲ್ಲಿನ ನೀರು ಕಾದ ಹಂಡೆಯ ಒಳಮೈಯನ್ನು ಒಮ್ಮೆ ಬಗ್ಗಿ ನೋಡಿದವರು ಆ ನೀರನ್ನು ಕಾರಿಗೆ ಹೊಯ್ಯುವ ಧೈರ್ಯ ಮಾಡಲಾರರು. ಹಳೆಯ ಕಾರುಗಳ ಬೀಡುಕಬ್ಬಿಣದ ಎಂಜಿನೂ ಹಿತ್ತಾಳೆಯ ರೇಡಿಯೇಟರೂ ಇಂಥ ಅನಾಚಾರಗಳನ್ನೆಲ್ಲ ಸಹಿಸುತ್ತಿದ್ದುವು. ಇಂದಿನ ಅಲ್ಯೂಮಿನಿಯಮ್ಮು ಸುಕುಮಾರ ಸ್ವಭಾವದ್ದು. ಆದುದರಿಂದ, ನೀರು ಬೆರೆಸಿಕೊಳ್ಳಬೇಕಾದ ಗಟ್ಟಿ ಕೂಲೆಂಟಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗತಕ್ಕದ್ದು. ಮೊದಲೇ ಬೆರೆಸಿ ಬಂದದ್ದಾದರೆ ಮತ್ತೆ ನೀರು ಹೊಯ್ದು ಉಳಿತಾಯ ಮಾಡುವ ಗೃಹಕೃತ್ಯದ ಜಾಣ್ಮೆಯನ್ನು ಅಲ್ಲಿ ತೋರತಕ್ಕದ್ದಲ್ಲ. ಗಟ್ಟಿಯದೇ ಒಳ್ಳೆಯದೆಂದು ನೀರು ಸೇರಿಸದೆ ಹೊಯ್ಯುವ ಉದಾರಿಗಳೂ ಇದ್ದಾರೆ. ಶಾಖ ಹೊರುವ ನೀರೇ ಇಲ್ಲದ ಮೇಲೆ ಅವರ ಎಂಜಿನು ಬೇಗ ಬಿಸಿಯಾಗುತ್ತದೆ.

ಇಷ್ಟು ಪಾಂಡಿತ್ಯದ ತರುವಾಯವೂ ಪ್ರಶ್ನೆ ಉಳಿದೇ ಇತ್ತು. ಮೆಕ್ಯಾನಿಕ್ಕನ್ನು ಕೇಳಿದೆ, “ಯಾವ್ದಾದ್ರೇನು ಸಾ, ಎಲ್ಲಾನೂವೆ ತಣ್ಣಗೇ ಮಾಡ್ತದ” ಎಂದನು. ನಮ್ಮ ಕಡೆ ಪುಸ್ತಕವನ್ನು ಕೇಳುವುದಕ್ಕಿಂತ ಮನುಷ್ಯರನ್ನು ಕೇಳುವುದು ಹೆಚ್ಚಿನ ಸೌಜನ್ಯವೆಂಬ ಭಾವನೆಯಿದೆ. ಪುಸ್ತಕಕ್ಕೆ ಬೇಸರವಾಗದು, ಮನುಷ್ಯರಿಗೆ ಆಗಬಹುದು. ಕೊನೆಗೆ ನನ್ನ ಹೆಂಡತಿ ಕಾರಿನ ಮುಂದಿನ ಖಾನೆಯನ್ನು ತೆರೆದು, ಮಾದಪ್ಪನ ವಿಭೂತಿಯ ಪೊಟ್ಟಣ, ರಂಗನಾಥನ ಕುಂಕುಮ, ಇನ್ಶೂರೆನ್ಸಿನ ಕಾಗದ ಇವುಗಳ ಅಡಿಯಿಂದ ಕಂಪನಿಯ ಕೈಪಿಡಿಯನ್ನೆತ್ತಿ, “ಇದ್ರಲ್ಲೇ ಬರ್ದದಲ್ಲಾ, ಊರನ್ನೆಲ್ಲಾ ಯಾಕೆ ಕೇಳ್ಕೊಂಡ್ ಬತ್ತೀರಿ?” ಎಂದಳು. ಬರೆದಿತ್ತು; ಬಣ್ಣದ ಮಾತಿಲ್ಲದೆ, ಯಾವ ಜಾತಿಯ ದ್ರವ, ಎಷ್ಟು ಲೀಟರು, ಯಾವಾಗ ಬದಲಿಸಬೇಕು ಎಂಬಿಷ್ಟು ಎರಡು ಸಾಲುಗಳಲ್ಲಿ. ಕೊಳ್ಳೇಗಾಲದ ಅಂಗಡಿಯಾತನಿಗೆ ಆ ಪುಟವನ್ನು ತೋರಿಸಿದಾಗ ಅವನು ಅದರಲ್ಲಿ ಬರೆದಂತೆಯೇ ಡಬ್ಬಿಯನ್ನು ತೆಗೆದುಕೊಟ್ಟನು. ಅದು ಹಸುರಾಗಿತ್ತು. ಪತ್ರಿಕೆ ಓದುವ ವೃದ್ಧರು ಅಂದು ಅಲ್ಲಿರಲಿಲ್ಲವೆಂಬುದು ನನ್ನ ಪುಣ್ಯ. ಇದ್ದಿದ್ದರೆ ಈ ವಿಜಯವನ್ನು ಅವರಿಗೇ ಬಿಟ್ಟುಕೊಡಬೇಕಾಗುತ್ತಿತ್ತು.

ತುಂಬಿಸಿ ಅರ್ಧ ಲೀಟರಿನಷ್ಟು ಉಳಿಯಿತು. ಈ ದ್ರವ ನೋಟಕ್ಕೆ ಶರಬತ್ತು, ನಾಲಗೆಗೆ ಸಿಹಿ, ಹೊಟ್ಟೆಗೆ ವಿಷ. ನಾಯಿಗಳು ಇದನ್ನು ನೆಕ್ಕಿ ಸಾಯುವುದುಂಟು. ಆದ್ದರಿಂದ ಚರಂಡಿಗೆ ಚೆಲ್ಲುವಂತಿಲ್ಲ, ಅಡಿಗೆಮನೆಯ ಹತ್ತಿರ ಇಡುವಂತಿಲ್ಲ. ಎಲ್ಲಿಡುವುದೆಂದು ನಾವು ಯೋಚಿಸುತ್ತಿರುವಾಗಲೇ ಹನೂರಿನಿಂದ ನನ್ನ ಭಾಮೈದ ಬಂದನು. ಅವನ ಕಾರಿಗೆ ಹೊಯ್ದಿರುವುದು ಬೇರೆ ಪದ್ಧತಿಯ ಕೆಂಪು ದ್ರವ. ಅದು ಮಟ್ಟಕ್ಕಿಂತ ಕೆಳಗಿಳಿದಿದೆಯೆಂದೂ, ಉಳಿದದ್ದನ್ನು ತನಗೆ ಕೊಡಬೇಕೆಂದೂ ಕೇಳಿದನು. ನಾನು ನಿರವಯವ ಲವಣಗಳಿಂದ ತೊಡಗಿ ಲೋಳೆಗಟ್ಟುವ ಪ್ರಕರಣದವರೆಗೆ ಎಲ್ಲವನ್ನೂ ಸಾವಧಾನವಾಗಿ ವಿವರಿಸಿದೆ. ಅವನು ಪೂರ್ತಿಯಾಗಿ ಕೇಳಿ ಹೇಳಿದನು:

“ಬಣ್ಣ ಬೇರೆ ಆದ್ರೇನು ಭಾವ, ಮನೆ ಒಂದೇ ಅಲ್ವಾ?”

ಆ ಡಬ್ಬಿಯನ್ನು ನನ್ನ ಹೆಂಡತಿ ಬೀರುವಿನೊಳಗಿಟ್ಟು ಬೀಗ ಹಾಕಿದ್ದಾಳೆ. ಬೀಗದ ಕೈಯನ್ನು ತಮ್ಮನಿಗೂ ಕೊಟ್ಟಿಲ್ಲ, ನನಗೂ ಕೊಟ್ಟಿಲ್ಲ.